ಗಿರಣಿ ಮಲ್ಲೇಶಪ್ಪನವರ ಮಾತು

ನಮ್ಮೂರಿನಲ್ಲಿ ಯಾರದಾದರೂ ಮಾತು ಕಳೆದುಹೋದರೆ ಅವರು ಮೊದಲು ಬರುವುದು ನಮ್ಮ ಹೈಸ್ಕೂಲಿಗೆ. ಪೊಲೀಸ್ ಸ್ಟೇಷನ್ನಿಗೆ ಯಾರೂ ಹೋಗುವುದಿಲ್ಲ, ದೇವರಿಗೆ ಹರಕೆ ಹೊರುವವರೂ ಕಡಿಮೆ. ಬಂದವರನ್ನು ನಮ್ಮ ಹೆಡ್ ಮಾಸ್ಟರು ಪದ್ಮನಾಭಯ್ಯನವರು ಕುರ್ಚಿಯಿಂದ ಏಳದೆಯೇ, “ಪ್ರಬಂಧ ಬರೆಸೋದು ಕನ್ನಡದವರು, ಕುಮುದಾ ಮಿಸ್ಸನ್ನ ಕೇಳಿ” ಎಂದು ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ಕುಮುದಾ ಮಿಸ್ ಎಂದರೆ ನಾನು. ಸ್ಟಾಫ್ ರೂಮಿನ ಕಿಟಕಿ ಪಕ್ಕದ ಮೇಜು ನನ್ನದು. ಅದರ ಎದುರಿಗೆ ಒಂದು ಸ್ಟೂಲು ಸದಾ ಇರುತ್ತದೆ. ಬಂದವರು ಕೂರಲಿ ಎಂದು ನಾನೇ ಇಡಿಸಿದ್ದು, ನಿಂತವರ ಮುಖ ನೋಡುತ್ತಾ ಮಾತಾಡಿದರೆ ನನ್ನ ಕತ್ತು ನೋಯುತ್ತದೆ.

ಒಬ್ಬರ ಮಾತನ್ನು ಇನ್ನೊಬ್ಬರು ಹೇಳದೆ ಕೇಳದೆ ತಮ್ಮದೆಂದು ಬರೆದರೆ ಅಥವಾ ಆಡಿದರೆ, ಆ ಮಾತು ಮೊದಲಿನವರ ಬಾಯಿಂದ ಹೊರಟುಹೋಗುತ್ತದೆ. ಅವರು ಬಾಯಿ ತೆರೆದರೆ ಗಾಳಿ ಬರುತ್ತದೆ, ಅಷ್ಟೇ. ಮಿಕ್ಕಿದ್ದೆಲ್ಲ ಸರಾಗವಾಗಿ ಆಡಬಹುದು. “ಊಟ ಆಯ್ತಾ”, “ಈ ವರ್ಷ ಸೆಕೆ ಜಾಸ್ತಿ” ಇಂಥವಕ್ಕೆ ಯಾರೂ ಯಜಮಾನರಿಲ್ಲ, ಯಾರು ಎಷ್ಟು ಸಲ ಆಡಿದರೂ ಸವೆಯುವುದಿಲ್ಲ. ತೊಂದರೆ ಆಗುವುದು ಒಬ್ಬರಿಗೆ ಸ್ವಂತಕ್ಕೆ ಹೊಳೆದ ಮಾತಿಗೆ. ನಮ್ಮ ಬೀದಿಯಲ್ಲಿ ಒಬ್ಬ ಅತ್ತೆ ತನ್ನ ಮಗನನ್ನು ಬೈಯಲು ಒಂದು ಚಂದದ ಬೈಗುಳ ಕಟ್ಟಿಕೊಂಡಿದ್ದರು. ಸೊಸೆ ಅದನ್ನು ಎತ್ತಿಕೊಂಡು ತವರುಮನೆಯಲ್ಲಿ ತನ್ನದೇ ಎಂಬಂತೆ ಬಳಸಿಬಿಟ್ಟಳು. ಒಂದು ತಿಂಗಳು ಆ ಅತ್ತೆ ಮಗನೆದುರು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರು, ಮಗ ಆ ತಿಂಗಳಲ್ಲಿ ನೋಡುನೋಡುತ್ತಲೇ ಮೈ ತುಂಬಿಕೊಂಡ. ತೆಗೆದುಕೊಂಡವರು ನಾಲ್ಕು ಜನರ ಮುಂದೆ “ಇದು ಇಂಥವರ ಮಾತು” ಎಂದು ಹೆಸರು ಹೇಳಿ ಆ ಮಾತನ್ನು ಆಡಿದರೆ ಅದು ಯಜಮಾನರ ಬಾಯಿಗೆ ವಾಪಸ್ಸಾಗುತ್ತದೆ. ಹೇಳಿಕೊಳ್ಳಲು ಸುಲಭ. ಇಷ್ಟು ವರ್ಷದಲ್ಲಿ ಒಬ್ಬರೂ ತಾವಾಗಿ ಬಂದು ಹೇಳಿದ್ದನ್ನು ನಾನು ನೋಡಿರಲಿಲ್ಲ.

ಹೀಗಿರುವ ಊರಿನಲ್ಲಿ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಕಲಿಸುವುದು ಎಂದರೆ ಏನೆಂದು ಬೇರೆ ಊರಿನ ಮೇಷ್ಟರುಗಳಿಗೆ ಅರ್ಥವಾಗುವುದಿಲ್ಲ. ಅರ್ಧ ಮಕ್ಕಳು ಸಿಕ್ಕಿದ ಕಡೆಯೆಲ್ಲ ಕೈ ಹಾಕುತ್ತಾರೆ. ಇನ್ನರ್ಧ ಮಕ್ಕಳು ಹೆದರಿ ಎಲ್ಲದಕ್ಕೂ “ಅಂತೆ” ಸೇರಿಸುತ್ತಾರೆ. “ನಮ್ಮ ಮನೆಯಲ್ಲಿ ಮೂರು ಕೋಣೆಗಳಿವೆಯಂತೆ. ನನಗೆ ಹೋಳಿಗೆ ಎಂದರೆ ಇಷ್ಟವಂತೆ. ನಾನು ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದೇನಂತೆ.” ನಿನಗೆ ಹೋಳಿಗೆ ಇಷ್ಟ ಅಂತ ನಿನಗೆ ಯಾರಮ್ಮ ಹೇಳಿದ್ದು ಎಂದು ಕೇಳಿದರೆ ಪಿಳಿಪಿಳಿ ಕಣ್ಣು ಬಿಡುತ್ತಾರೆ. ಅವರಿಗೆ ಅಂತೆ ಎನ್ನುವುದು ಮೈಗೆ ಹಚ್ಚಿಕೊಳ್ಳುವ ಬೇವಿನೆಣ್ಣೆಯ ಹಾಗೆ, ಎಲ್ಲ ಕಡೆ ಬಳಿದುಕೊಂಡರೆ ಏನೂ ಕಚ್ಚುವುದಿಲ್ಲ. ಆದರೆ ಬರೀ ಅಂತೆಯಿಂದ ಯಾವ ಮಾತೂ ಯಾರಿಗೂ ವಾಪಸ್ಸು ಹೋಗುವುದಿಲ್ಲ. ಹೆಸರು ಬೇಕು. ಆದ್ದರಿಂದ ನಾನು ದಿನಕ್ಕೆ ಹತ್ತಾರು ಸಲ ಕೆಂಪು ಶಾಯಿಯಲ್ಲಿ “ಯಾರಂತೆ?” ಎಂದು ಬರೆಯುತ್ತೇನೆ. ನನ್ನ ಕೈ ಈಗ ಆ ಮೂರಕ್ಷರವನ್ನು ನನ್ನನ್ನು ಕೇಳದೆಯೇ ಬರೆದುಬಿಡುತ್ತದೆ. ಎರಡು ಗುಂಪಿನಲ್ಲಿ ನನಗೆ ಹೆಚ್ಚು ಸುಸ್ತು ಮಾಡುವವರು ಯಾರು ಎಂದು ಇಂದಿಗೂ ತೀರ್ಮಾನ ಮಾಡಲಾಗಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಗಿರಣಿ ಮಲ್ಲೇಶಪ್ಪನವರು ಬಂದು ಆ ಸ್ಟೂಲಿನ ಮೇಲೆ ಕೂತರು. ಹಿಟ್ಟಿನ ಗಿರಣಿ ನಡೆಸಿ ನಡೆಸಿ ರೆಪ್ಪೆಯ ಕೂದಲೂ ಬೆಳ್ಳಗಾದ ಮನುಷ್ಯ. ನಾನು ಚಿಕ್ಕವಳಿದ್ದಾಗಿನಿಂದ ಅವರ ಗಂಟಲು ಊರಿಗೆಲ್ಲ ಪರಿಚಯ. ಗಿರಣಿಯ ಸದ್ದಿನ ಮೇಲೆ ಕೂಗಿ ಅಭ್ಯಾಸವಾಗಿ ಮನೆಯಲ್ಲೂ ಹಾಗೇ ಕೂಗುತ್ತಿದ್ದರು. ಅವರು ಹೆಂಡತಿಯನ್ನು ನೀರು ಕೇಳಿದರೆ ಬೀದಿಯ ಆ ತುದಿಯವರು ಚೊಂಬು ಹುಡುಕುತ್ತಿದ್ದರು. ಕೈ ಎತ್ತಿದವರಲ್ಲ, ಕೆಟ್ಟ ಮಾತೂ ಆಡಿದವರಲ್ಲ, ಬರೀ ಗಂಟಲು. ಹೆಂಡತಿ ಹೊನ್ನಮ್ಮನವರು ಎಷ್ಟೋ ವರ್ಷ ಕೇಳಿಸಿಕೊಂಡು, ಒಂದು ದಿನ “ನನ್ನ ಕಿವಿಗೂ ವಯಸ್ಸಾಯ್ತು” ಎಂದಷ್ಟೇ ಹೇಳಿ ತಂಗಿಯ ಊರಿಗೆ ಹೊರಟುಹೋದರು. ಅದಾಗಿ ಹನ್ನೆರಡು ವರ್ಷ.

“ಟೀಚರಮ್ಮ, ನಂದೊಂದು ಮಾತು ಹೋಗ್ಬಿಟ್ಟಿದೆ,” ಎಂದರು ಮಲ್ಲೇಶಪ್ಪನವರು. ನಾನು ಮುಂದಕ್ಕೆ ಬಾಗಿ ಕೇಳಿಸಿಕೊಳ್ಳಬೇಕಾಯಿತು, ಅಷ್ಟು ತಗ್ಗಿದ ದನಿ. “ನಿಮ್ ಮಕ್ಕಳ ಕಡೆ ಏನಾದ್ರೂ ಬಂದಿದೆಯಾ ಸ್ವಲ್ಪ ನೋಡ್ತೀರಾ.”

“ಎಂಥ ಮಾತು?”

“ಅದು ಹೇಳೋಕ್ಕಾಗಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ.”

ನ್ಯಾಯವೇ. ಕಳೆದುಕೊಂಡವರಿಗೆ ಅದರ ಒಂದು ಪದವೂ ಜೋಡಿಸಲು ಬರುವುದಿಲ್ಲ, ಇದು ನನಗೆ ಗೊತ್ತಿಲ್ಲದ್ದಲ್ಲ, ಆದರೂ ಪ್ರತಿ ಸಲ ಕೇಳಿಯೇ ಕೇಳುತ್ತೇನೆ. ಅವರು ಎರಡೂ ಕೈ ಅಗಲಿಸಿ ಮಾತು ಎಷ್ಟುದ್ದ ಇತ್ತು ಎಂದು ತೋರಿಸಿದರು. ಮಧ್ಯದಲ್ಲಿ ಒಂದು ಸಲ ಉಸಿರು ತೆಗೆದುಕೊಳ್ಳಬೇಕು ಎಂದರು. ಅದರಲ್ಲಿ ಮನೆಯ ವಿಷಯ ಬರುತ್ತದೆ, ಗಂಟಲಿನ ವಿಷಯ ಬರುತ್ತದೆ ಎಂದು ಕೈಸನ್ನೆ ಮಾಡಿದರು. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡು, “ಭಾನುವಾರ ಹೊನ್ನಮ್ಮ ಬರ್ತಾಳಂತೆ, ಬಸ್ಸಿನ ಕಂಡಕ್ಟರ್ ಕೈಲಿ ಹೇಳಿ ಕಳಿಸಿದಾಳೆ,” ಎಂದರು. “ಹೊಲಿಗೆ ಮಷೀನು ತಗೊಂಡು ಹೋಗ್ತಾಳಂತೆ. ಅದೊಂದೇ ಅವಳ್ದು ನಮ್ಮನೇಲಿ ಉಳ್ಕೊಂಡಿರೋದು. ಆಮೇಲೆ ಅವಳು ಬರೋಕೆ ಕಾರಣಾನೇ ಇರಲ್ಲ.”

“ಆ ಮಾತು ಅವರಿಗಾ?”

ಹೌದೆಂದು ತಲೆ ಆಡಿಸಿದರು.

“ಬೇರೆ ಏನಾದ್ರೂ ಹೇಳಬಹುದಲ್ಲ, ಮಲ್ಲೇಶಪ್ಪನವರೇ.”

“ಹನ್ನೆರಡು ವರ್ಷದಲ್ಲಿ ನಂಗೆ ಸಿಕ್ಕಿದ್ದು ಅದೊಂದೇ ಮಾತು ಟೀಚರಮ್ಮ. ನಾನೇನು ನಿಮ್ ಥರ ಓದಿದೋನಾ. ದಿನಾ ಪಾತ್ರೆ ತೊಳೀತಾ ಹೇಳ್ಕೊಂಡು ಹೇಳ್ಕೊಂಡು ಸರಿ ಮಾಡ್ಕೊಂಡಿದ್ದೆ. ಈಗ ಬಾಯಿ ಬಿಟ್ರೆ ‘ಚೆನ್ನಾಗಿದೀಯಾ’ ಅಂತ ಬರುತ್ತೆ. ಅಷ್ಟಕ್ಕೆ ಅವಳು ‘ಇದೀನಿ’ ಅಂತಾಳೆ. ಮಷೀನು ಎತ್ಕೊಂಡು ಹೋಗ್ತಾಳೆ.”

ಅವರು ಹೋದ ಮೇಲೆ ಅವರ ಕೈಸನ್ನೆಗಳನ್ನು ಒಂದೊಂದಾಗಿ ಜೋಡಿಸಿ ನೋಡಿದೆ. ಆ ಮಾತು ನನಗೆ ಗೊತ್ತಿತ್ತು. ಹಿಂದಿನ ವಾರ “ನಮ್ಮ ಮನೆ” ಎಂಬ ಪ್ರಬಂಧ ಬರೆಸಿದ್ದೆ. ಒಂಬತ್ತನೇ ತರಗತಿಯ ಭಾನುಮತಿ ಎಂಬ ಹುಡುಗಿ, ಎಂದೂ ಹಿಂದಿನ ಬೆಂಚು ಬಿಟ್ಟು ಬಂದವಳಲ್ಲ, ತನ್ನ ತೀರಿಹೋದ ಅಜ್ಜಿಯ ಬಗ್ಗೆ ಒಂದು ವಾಕ್ಯ ಬರೆದಿದ್ದಳು: “ಅಜ್ಜಿ ಇಲ್ಲದ ಮನೆಯಲ್ಲಿ ನಾವು ಮೆತ್ತಗೆ ಮಾತಾಡುವುದನ್ನು ಕಲಿತೆವು, ಆದರೆ ಕೇಳಲು ಯಾರೂ ಇರಲಿಲ್ಲ.” ಇದು ಮಲ್ಲೇಶಪ್ಪನವರ ಮಾತು, ಅವರನ್ನು ಕೇಳಿಯೇ ಇಲ್ಲಿ ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಪಾಪ ಅವರು ಮತ್ತೆ ನನ್ನ ಸ್ಟೂಲಿಗೇ ಬಂದು ಕೂರಬೇಕಾಗುತ್ತದೆ. ಆದರೆ ಪ್ರಬಂಧ ತಿದ್ದಿದ ದಿನ ನನಗೆ ಹಾಗೆಂದು ಗೊತ್ತಿರಲಿಲ್ಲ. ನಾನು ಅದರ ಕೆಳಗೆ ಗೆರೆ ಎಳೆದು “ತುಂಬಾ ಚೆನ್ನಾಗಿದೆ” ಎಂದು ಬರೆದೆ. ತರಗತಿಯಲ್ಲಿ ಅವಳನ್ನು ನಿಲ್ಲಿಸಿ ಓದಿಸಿದೆ. ಮಕ್ಕಳಿಗೆ ಅಷ್ಟು ಸಾಕು. ಮಿಸ್ಸಿಗೆ ಇಂಥದ್ದು ಇಷ್ಟ ಎಂದು ತಿಳಿಯಿತಲ್ಲ, ಮುಂದಿನ ಪ್ರಬಂಧ ಬರೆಯುವ ಹೊತ್ತಿಗೆ ಅರ್ಧ ತರಗತಿಯ ಪುಸ್ತಕಗಳಲ್ಲಿ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದರು. ಆ ಪುಸ್ತಕಗಳ ಕಟ್ಟು ನನ್ನ ಮೇಜಿನ ಮೇಲೇ ಇತ್ತು, ನೋಡಿದರೆ ಒಂದರ ಮೇಲೊಂದರಂತೆ ಅದೇ ವಾಕ್ಯ.

ಹೆಡ್ ಮಾಸ್ಟರಿಗೆ ಹೇಳಿದೆ. ಅವರು ತಮ್ಮ ಎಂದಿನ ಮದ್ದನ್ನೇ ಹೇಳಿದರು: “ಎಲ್ಲರ ಕೈಲೂ ‘ಇನ್ನು ಮುಂದೆ ಪರರ ಮಾತಿಗೆ ಕೈಯೊಡ್ಡೆನು’ ಅಂತ ನೂರು ಸಲ ಬರೆಸಿ.” ಈ ಚಂದದ ವಾಕ್ಯ ಇವರಿಗಿಂತ ಹಿಂದೆ ಇದ್ದ ಹೆಡ್ ಮಾಸ್ಟರರದ್ದು. ಇವರು ಹೆಸರು ಹೇಳದೆ ಬರೆಸುತ್ತಾ ಬಂದದ್ದರಿಂದ ಅವರು ರಿಟೈರ್ ಆದ ಮೇಲೆ ಒಮ್ಮೆಯೂ ಅದನ್ನು ಆಡಲಾಗಿಲ್ಲ. ಮೊಮ್ಮಕ್ಕಳಿಗೆ ಬುದ್ಧಿ ಹೇಳಲು ಹೋಗಿ ಅಲ್ಲಿಗೇ ನಿಂತುಬಿಡುತ್ತಾರೆ. ನಾನು ಎರಡು ಸಲ ಪದ್ಮನಾಭಯ್ಯನವರಿಗೆ ನೆನಪಿಸಿದ್ದೇನೆ. ಹೌದಾ, ನೋಡೋಣ ಎನ್ನುತ್ತಾರೆ. ಮೂರನೇ ಸಲ ನೆನಪಿಸುವಷ್ಟು ತ್ರಾಣ ನನಗೆ ಉಳಿದಿಲ್ಲ.

ಶನಿವಾರ ಬೆಳಿಗ್ಗೆ ತರಗತಿಗೆ ಹೋಗಿ ಪುಸ್ತಕಗಳನ್ನು ಮೇಜಿನ ಮೇಲಿಟ್ಟು ಹೇಳಿದೆ: “ಈ ಮಾತು ಬರೆದಿರೋರೆಲ್ಲ ಎದ್ದು ನಿಂತು, ಯಾರಿಂದ ತಗೊಂಡ್ರಿ ಅಂತ ಹೆಸರು ಹೇಳಿ. ನಾನು ಬೈಯಲ್ಲ. ಬೈಯೋಕೆ ನನಗೆ ಶಕ್ತೀನೂ ಇಲ್ಲ. ಒಬ್ಬರು ಪಾಪ ಬಾಯಿ ಬಿಟ್ಕೊಂಡು ಕಾಯ್ತಾ ಇದಾರೆ, ಅಷ್ಟೇ.”

ಒಬ್ಬೊಬ್ಬರಾಗಿ ಎದ್ದರು. ರಘುವೀರ ಮಾತ್ರ ಏಳಲಿಲ್ಲ. ಅವನು ನಮ್ಮ ತರಗತಿಯ ವಕೀಲ.

“ಮಿಸ್, ನಾನು ಕಾಪಿ ಮಾಡಿಲ್ಲ. ಭಾನುಮತಿ ‘ಮೆತ್ತಗೆ’ ಅಂತ ಬರೆದಿದಾಳೆ, ನಾನು ‘ಮೆಲ್ಲಗೆ’ ಅಂತ ಬರೆದಿದೀನಿ. ಅವಳದ್ದರಲ್ಲಿ ಅಜ್ಜಿ ಇದಾರೆ, ನನ್ನದರಲ್ಲಿ ಟಾಮಿ.”

“ಟಾಮಿ ಯಾರು?”

“ನಾಯಿ, ಮಿಸ್. ‘ಟಾಮಿ ಇಲ್ಲದ ಮನೆಯಲ್ಲಿ ನಾವು ಮೆಲ್ಲಗೆ ಮಾತಾಡುವುದನ್ನು ಕಲಿತೆವು.’”

“ನಿಮ್ಮನೇಲಿ ನಾಯಿ ಇತ್ತಾ?”

“ಇಲ್ಲ ಮಿಸ್. ಅದಕ್ಕೇ ಟಾಮಿ ಇಲ್ಲದ ಮನೆ ಅಂತ ಬರೆದಿದ್ದು.”

ತರಗತಿ ನಕ್ಕಿತು. ನನಗೂ ನಗು ಬಂತು, ತಡೆದುಕೊಂಡೆ. “ನೋಡಪ್ಪಾ, ನನ್ನ ಸೀರೆ ತಗೊಂಡು ಹೋಗಿ ಬೇರೆ ಬಣ್ಣ ಹಾಕಿಸ್ತೀಯ ಅಂತಿಟ್ಕೋ. ಅದು ನಿಮ್ಮಮ್ಮನ ಸೀರೆ ಆಗುತ್ತಾ? ಸೆರಗು ಅದೇ, ನೆರಿಗೆ ಅದೇ. ನನ್ನ ಬೀರುವಲ್ಲಂತೂ ಅದು ಇರಲ್ಲ. ನೀನು ಎಷ್ಟು ಪದ ಬದಲಾಯಿಸಿದೆ ಅನ್ನೋದಲ್ಲ ಲೆಕ್ಕ. ಆ ಯೋಚನೆ ಎಲ್ಲಿಂದ ಬಂತು?” ಎಂದೆ. ಅವನು ಸ್ವಲ್ಪ ಹೊತ್ತು ಛಾವಣಿ ನೋಡಿದ. ಆಮೇಲೆ ಎದ್ದು, “ಭಾನುಮತಿ ಬರೆದದ್ದು, ಮಿಸ್” ಎಂದ. ಬಣ್ಣ ತೆಗೆದು ಮೂಲದಲ್ಲಿದ್ದಂತೆ ಹೇಳು ಎಂದೆ, ಹೇಳಿದ. ಹೀಗೆ ಎಲ್ಲರ ಕೈಯಿಂದ ಬಿಡಿಸಿಕೊಂಡು ಮಾತು ಭಾನುಮತಿಯ ಬೆಂಚಿಗೆ ಬಂದು ನಿಂತಿತು. ಅವಳು ಏಳಲಿಲ್ಲ, ನಾನೂ ಎಬ್ಬಿಸಲಿಲ್ಲ. ಶನಿವಾರದ ಅರ್ಧ ದಿನದ ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡೆ.

“ಅದು ನಂದೇ ಮಿಸ್,” ಎಂದಳು ನಾನು ಕೇಳುವ ಮೊದಲೇ. “ನಾನು ಯಾರ ಪುಸ್ತಕಾನೂ ನೋಡಿಲ್ಲ. ದೇವರಾಣೆ.”

ಅವಳು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವ ಮಕ್ಕಳು ನನ್ನ ಹಣೆ ನೋಡುತ್ತಾರೆ, ಇವಳು ಕಣ್ಣನ್ನೇ ನೋಡುತ್ತಿದ್ದಳು. ಇಂಥವರಿಗೆ ಯಾರಿಂದ ಕದ್ದೆ ಎಂದು ಕೇಳಿದರೆ ಬಾಗಿಲು ಹಾಕಿಕೊಂಡು ಒಳಗೆ ಹೋಗಿಬಿಡುತ್ತಾರೆ. ನಾನು ಕೇಳುವುದು ಬೇರೆ. ಯಾರೂ ಹೇಳಿಕೊಟ್ಟದ್ದಲ್ಲ, ಕೇಳಿ ಕೇಳಿ ಸೋತ ಮೇಲೆ ನನಗೆ ಗೊತ್ತಾದದ್ದು.

“ಆ ಮಾತು ಬಂದಾಗ ನಿನ್ನ ಕೈಯಲ್ಲಿ ಏನಿತ್ತು?”

ಅವಳು ಯೋಚನೆ ಮಾಡಿದಳು. ತಲೆಗೆ ಮರೆತುಹೋದದ್ದು ಕೈಗೆ ನೆನಪಿರುತ್ತದೆ.

“ಒದ್ದೆ ಬಟ್ಟೆ, ಮಿಸ್. ಹಿತ್ತಲಲ್ಲಿ ಒಣಗಾಕ್ತಿದ್ದೆ.”

“ಪಕ್ಕದಲ್ಲಿ ಯಾರಿದ್ರು?”

“ಯಾರೂ ಇರ್ಲಿಲ್ಲ. ಅಮ್ಮ ಒಳಗಿದ್ರು. ಗೋಡೆ ಆಚೆ ಗಿರಣಿ ತಾತ ಪಾತ್ರೆ ತೊಳೀತಿದ್ರು. ಅವ್ರು ದಿನಾ ಒಬ್ರೇ ಏನೋ ಅಂದ್ಕೋತಾ...”

ಅಲ್ಲಿಗೆ ನಿಂತಳು. ಅವಳ ಮುಖ ನೋಡಲು ನನಗೆ ಕಷ್ಟವಾಯಿತು. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಮುಖವಲ್ಲ ಅದು, ಮನೆಗೆ ತಂದು ಸಾಕಿದ ಬೆಕ್ಕನ್ನು ಯಾರೋ ಬಂದು ನಮ್ಮದು ಎಂದು ಕೇಳಿದರೆ ಮಕ್ಕಳ ಮುಖ ಆಗುತ್ತದಲ್ಲ, ಹಾಗಿತ್ತು.

“ನಂಗೆ ಗೊತ್ತಿರ್ಲಿಲ್ಲ ಮಿಸ್. ನಮ್ಮಜ್ಜಿ ಬಗ್ಗೇನೇ ಅನ್ನಿಸ್ತು.”

“ಗೊತ್ತು ಕಣಮ್ಮ. ಕೇಳಿ ಇಟ್ಕೊಂಡಿದ್ದು ನಿನ್ನ ಕಿವಿ. ಅಜ್ಜಿಗೆ ಒಪ್ಪುತ್ತೆ ಅಂತ ಗುರುತು ಹಿಡಿದಿದ್ದೂ ನೀನೇ. ಅಷ್ಟು ನಿನ್ನದು, ಅದನ್ನ ಯಾರೂ ಕಿತ್ಕೊಳಲ್ಲ. ಮಾತು ಮಾತ್ರ ಅವರದು.”

“ಹಂಗಾದ್ರೆ ಕೊನೇಲಿ ಅಂತೆ ಸೇರಿಸ್ತೀನಿ. ಸಾಕಾ?”

“ಯಾರಂತೆ?”

ಅವಳು ತಲೆ ತಗ್ಗಿಸಿದಳು. ಬ್ಯಾಗಿನ ಪಟ್ಟಿ ತಿರುಚುತ್ತಾ, “ನೀವು ನಂಗೆ ‘ತುಂಬಾ ಚೆನ್ನಾಗಿದೆ’ ಅಂತ ಬರೆದಿದ್ದು ಅದೊಂದಕ್ಕೇ ಮಿಸ್,” ಎಂದಳು. ಬ್ಯಾಗು ಎತ್ತಿಕೊಂಡು ಹೊರಟುಹೋದಳು. ನಾನು ಕರೆಯಬಹುದಿತ್ತು, ಕರೆಯಲಿಲ್ಲ. ಹೆದರಿಸಿ ಹೇಳಿಸಿದ ಹೆಸರಿನಿಂದಲೂ ಮಾತು ವಾಪಸ್ಸು ಹೋಗುತ್ತದೆ, ಅದನ್ನೂ ನೋಡಿದ್ದೇನೆ. ಆದರೆ ಹಾಗೆ ಹೇಳಿದ ಮಕ್ಕಳು ಮುಂದೆ ಎಲ್ಲದಕ್ಕೂ ಅಂತೆ ಬಳಿದುಕೊಳ್ಳುವ ಗುಂಪಿಗೆ ಸೇರುತ್ತಾರೆ, ಸ್ವಂತದ ಮಾತು ಒಂದೂ ಬರೆಯುವುದಿಲ್ಲ. ಇಂಥ ಮಕ್ಕಳನ್ನು ಮತ್ತೆ ದಾರಿಗೆ ತರುವುದರಲ್ಲಿ ನನ್ನ ಅರ್ಧ ಆಯಸ್ಸು ಹೋಗಿದೆ. ಒಂದು ಕಡೆ ಮುದುಕ, ಒಂದು ಕಡೆ ಈ ಹುಡುಗಿ. ಇಬ್ಬರ ಮೇಲೂ ನನಗೆ ಕನಿಕರ, ಇಬ್ಬರ ಮೇಲೂ ಸಿಟ್ಟು. ಮನೆಗೆ ಹೋಗಿ ಕಾಲು ಚಾಚಿ ಮಲಗಿಬಿಟ್ಟೆ.

ಭಾನುವಾರ ಬೆಳಿಗ್ಗೆ ಮಲ್ಲೇಶಪ್ಪನವರ ಮನೆಗೆ ಹೋದೆ. ಕೈಯಲ್ಲಿ ಏನೂ ಇಲ್ಲದೆ ಹೋಗುವುದು ನಾಚಿಕೆಯ ಕೆಲಸ, ಆದರೆ ಹೋಗದೆ ಇರುವುದು ಇನ್ನೂ ನಾಚಿಕೆಯದು. ಅವರು ಗಡ್ಡ ಹೆರೆಸಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ನಡುಮನೆ ಸಾರಿಸಿ ರಂಗೋಲಿ ಎಳೆಯಲು ಪ್ರಯತ್ನಪಟ್ಟಿದ್ದರು, ಅದು ಅಷ್ಟಾಗಿ ಬಂದಿರಲಿಲ್ಲ. ಹೊಲಿಗೆ ಮಷೀನನ್ನು ಹಿತ್ತಲ ಬಾಗಿಲಿನ ಹತ್ತಿರ ಬೆಳಕಿಗೆ ತಂದು, ಒರೆಸಿ, ಎಣ್ಣೆ ಹಾಕಿಟ್ಟಿದ್ದರು.

“ಸಿಕ್ತಾ?” ಎಂದರು.

“ಸಿಕ್ತು. ತಗೊಂಡೋರು ಕೊಡೋಕೆ ಇನ್ನೂ ಮನಸ್ಸು ಮಾಡಿಲ್ಲ.”

“ಚಿಕ್ಕ ಮಕ್ಕಳಾ?”

“ಹೂಂ.”

“ಹೊಡೀಬೇಡಿ ಮತ್ತೆ,” ಎಂದರು. ಮಷೀನಿನ ಮೇಲೆ ಇನ್ನೊಮ್ಮೆ ಬಟ್ಟೆ ಆಡಿಸುತ್ತಾ, “ಮಾತು ಚೆನ್ನಾಗಿತ್ತಾ? ನೀವು ಓದಿದ್ರಲ್ಲ,” ಎಂದು ಕೇಳಿದರು.

“ತುಂಬಾ ಚೆನ್ನಾಗಿತ್ತು. ಬೇಕಾದ್ರೆ ಹೊನ್ನಮ್ಮನೋರಿಗೆ ನಾನೇ ಹೇಳ್ತೀನಿ, ಇದು ನಿಮ್ಮೆಜಮಾನರ ಮಾತು ಅಂತ.”

ಅವರು ಬೇಡವೆಂದು ಕೈ ಆಡಿಸಿದರು. “ನೀವು ಹೇಳಿದ್ರೆ ಅವಳು ನಂಬಲ್ಲ. ಟೀಚರ್ರು ಹೇಳ್ಕೊಟ್ಟು ಕಳಿಸಿದಾರೆ ಅನ್ಕೋತಾಳೆ. ನಾನು ಇಂಥ ಮಾತಾಡಿದ್ದು ಅವಳು ಯಾವತ್ತು ಕೇಳಿದಾಳೆ.” ಅದು ನಿಜವಾಗಿತ್ತು.

ಬಸ್ಸು ಬಂದು ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಂದು ಗೂಡ್ಸ್ ಆಟೋ ನಿಂತಿತು. ಹೊನ್ನಮ್ಮನವರು ಇಳಿದರು. ತೆಳ್ಳಗೆ, ನೆಟ್ಟಗೆ ಇದ್ದರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹೊಸಿಲಲ್ಲಿ ಒಂದು ಗಳಿಗೆ ನಿಂತರು. ಕೂಗು ಕೇಳಿಬರುತ್ತದೆ ಎಂದು ಕಾಯುವವರ ಹಾಗೆ ಅವರ ಭುಜ ಸ್ವಲ್ಪ ಮೇಲೆ ಎದ್ದಿತ್ತು. ಕೂಗು ಬರಲಿಲ್ಲ. ಒಳಗೆ ಬಂದು ನನಗೆ ನಮಸ್ಕಾರ ಹೇಳಿ, ನೇರ ಮಷೀನಿನ ಹತ್ತಿರ ಹೋಗಿ ಚಕ್ರ ತಿರುಗಿಸಿ ನೋಡಿದರು.

“ಎಣ್ಣೆ ಹಾಕಿದೀರಾ,” ಎಂದರು.

ಮಲ್ಲೇಶಪ್ಪನವರು ಎದ್ದು ನಿಂತು ಬಾಯಿ ತೆರೆದರು. ಗಾಳಿ ಬಂತು. ಮುಚ್ಚಿದರು. ಇನ್ನೊಮ್ಮೆ ತೆರೆದರು. ಹೊನ್ನಮ್ಮನವರು ಚಕ್ರದ ಮೇಲಿನ ಕೈ ತೆಗೆಯದೆ ಅವರನ್ನೇ ನೋಡುತ್ತಾ ಕಾದರು. ಅವರು ಕಾದದ್ದನ್ನು ನಾನು ನೋಡಿದೆ, ಅದಕ್ಕೇ ನನಗೆ ಸಂಕಟವಾಯಿತು. ಕಾಯದೆ ಹೋಗುವವರಾಗಿದ್ದರೆ ಎಷ್ಟೋ ವಾಸಿಯಿತ್ತು.

“ಏನು?” ಎಂದರು ಹೊನ್ನಮ್ಮನವರು.

“ಚೆನ್ನಾಗಿದೀಯಾ,” ಎಂದರು ಮಲ್ಲೇಶಪ್ಪನವರು.

“ಇದೀನಿ.”

ಅಷ್ಟೇ. ಹೊನ್ನಮ್ಮನವರು ಆಟೋದವನನ್ನು ಕರೆದರು. ಅವನು ಬಂದು ಮಷೀನಿನ ತೂಕ ಒಂದು ಸಲ ಅಂದಾಜು ಮಾಡಿ, ಉಸಿರು ಬಿಗಿಹಿಡಿದು ಎತ್ತಿದ. ಮಲ್ಲೇಶಪ್ಪನವರು ಅವನಿಗೆ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತರು. ನಾನು ನೆಲ ನೋಡುತ್ತಿದ್ದೆ.

“ಅಜ್ಜಿ,” ಎಂದು ಹಿತ್ತಲಿನಿಂದ ಒಂದು ದನಿ ಬಂತು.

ಗೋಡೆಯ ಆಚೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತಿರಬೇಕು, ಭಾನುಮತಿಯ ತಲೆ, ಭುಜ ಕಾಣುತ್ತಿತ್ತು. ಯಾವಾಗಿನಿಂದ ಅಲ್ಲಿದ್ದಳೋ. ಅತ್ತು ಮುಖ ಊದಿತ್ತು. ನನ್ನ ಕಡೆ ನೋಡಲಿಲ್ಲ.

“ಅಜ್ಜಿ, ಒಂದು ಮಾತು ಹೇಳ್ಬೇಕು. ಅದು ನಂದಲ್ಲ. ಗಿರಣಿ ತಾತಂದು. ನಾನು ಸ್ಕೂಲಲ್ಲಿ ನಂದು ಅಂತ ಬರೆದ್ಬಿಟ್ಟೆ, ಅದಕ್ಕೇ ಅವ್ರಿಗೆ ಈಗ ಹೇಳೋಕಾಗ್ತಿಲ್ಲ.” ಉಸಿರು ತೆಗೆದುಕೊಂಡಳು. “ತಾತ ದಿನಾ ಪಾತ್ರೆ ತೊಳೀತಾ ಹೇಳ್ತಾರೆ. ‘ನೀನಿಲ್ಲದ ಮನೇಲಿ ನಾನು ಮೆತ್ತಗೆ ಮಾತಾಡೋದು ಕಲಿತೆ, ಆದ್ರೆ ಕೇಳೋಕೆ ಯಾರೂ ಇರ್ಲಿಲ್ಲ’ ಅಂತ. ನಾನು ಬಟ್ಟೆ ಒಣಗಾಕ್ತಾ ಕೇಳಿಸ್ಕೋತಿದ್ದೆ. ಯಾರಿಗೆ ಹೇಳ್ತಾರೆ ಅಂತ ಗೊತ್ತಿರ್ಲಿಲ್ಲ, ಈಗ ನಿಮ್ಮನ್ನ ನೋಡಿದ್ಮೇಲೆ ಗೊತ್ತಾಯ್ತು.”

ಕೊನೆಯ ವಾಕ್ಯ ಅವಳದೇ. ಇಪ್ಪತ್ತು ವರ್ಷದ ಚಾಳಿ, ಅಂಥ ಹೊತ್ತಿನಲ್ಲೂ ನನ್ನ ಮನಸ್ಸು ಅದರ ಕೆಳಗೆ ಒಂದು ಕೆಂಪು ಗೆರೆ ಎಳೆಯಿತು.

ಹೊನ್ನಮ್ಮನವರು ಗೋಡೆಯ ಮೇಲಿನ ಮಗುವನ್ನು ನೋಡಿದರು, ಆಮೇಲೆ ಗಂಡನನ್ನು ನೋಡಿದರು.

“ಕೇಳೋಕೆ ಯಾರೂ ಇರ್ಲಿಲ್ಲ ಅನ್ನೋದು ಸುಳ್ಳು,” ಎಂದರು. “ಈ ಮಗು ಕೇಳಿಸ್ಕೊಂಡಿದೆ.”

ಮಲ್ಲೇಶಪ್ಪನವರಿಗೆ ಮಾತು ವಾಪಸ್ಸು ಬಂದಿತ್ತು, ಅವರ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಅವರು ಬಾಯಿ ತೆರೆದು ಹೇಳಿದರು. ತುಟಿ ಆಡಿದ್ದು ನೋಡಿ, ನೀನಿಲ್ಲದ ಮನೇಲಿ ಎಂದು ಶುರುಮಾಡಿ ಕಲಿತೆ ಎನ್ನುವಲ್ಲಿಗೆ ನಿಲ್ಲಿಸಿದರು ಎಂದು ಅಂದಾಜು ಮಾಡಿಕೊಂಡೆ. ಮುಂದಿನ ಅರ್ಧವನ್ನು ಬಿಟ್ಟುಬಿಟ್ಟರು. ಎರಡು ಮಾರು ದೂರದಲ್ಲಿದ್ದ ನನಗೆ ಒಂದು ಪದವೂ ಕೇಳಿಸಲಿಲ್ಲ, ಅಷ್ಟು ಮೆತ್ತಗೆ.

ಹೊನ್ನಮ್ಮನವರು ಬಾಗಿಲ ಕಡೆ ತಿರುಗಿ, “ಅದನ್ನ ಸ್ವಲ್ಪ ಕೆಳಗಿಡಪ್ಪ,” ಎಂದು ಆಟೋದವನಿಗೆ ಹೇಳಿದರು. ಅವನು ಇಟ್ಟ. ಅವರು ಸೆರಗನ್ನು ಕಿವಿಯಿಂದ ಹಿಂದಕ್ಕೆ ಸರಿಸಿಕೊಂಡು ಗಂಡನ ಹತ್ತಿರಕ್ಕೆ ಹೋಗಿ ನಿಂತರು.

“ಇನ್ನೊಂದ್ಸಲ ಹೇಳಿ,” ಎಂದರು. “ಸರಿಯಾಗಿ ಕೇಳಿಸ್ಲಿಲ್ಲ.”